ಏಪ್ರಿಲ್ ಚಾಟ್ನಿ ಮತ್ತು ನನ್ನ ನೋಟ್‌ಬುಕ್

ಅವತ್ತು ಭಾನುವಾರ. ಆರಾಧನೆ, ಸಂಡೇ ಸ್ಕೂಲ್, ಕ್ವಯರ್ ತಾಲೀಮು ಎಲ್ಲ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ ಒಂದೂವರೆ. ಅವ್ವ ಒದ್ದೆ ಹಾಸಿಗೆಯಲ್ಲೇ ಮಲಗಿದ್ದಳು. ಹತ್ತು ಗಂಟೆಯಿಂದ ಹಾಗೇ ಇದ್ದಳಂತೆ. ಪಕ್ಕದ ಕೋಣೆಯಲ್ಲೇ ನನ್ನ ಗಂಡ ಇದ್ದರು. ಆದರೆ ಅಳಿಯನಿಗೆ ಇದನ್ನೆಲ್ಲ ಹೇಗೆ ಹೇಳೋದು ಅಂತ ಸಂಕೋಚ. "ನನಗೆ ಫೋನ್ ಮಾಡಿಸಬೇಕಿತ್ತಲ್ಲ ಅವ್ವ" ಅಂದೆ. ಲಕ್ವಾ ಹೊಡೆದ ಮೇಲೆ ಅವಳ ಮಾತು ತೊದಲುತ್ತದೆ. ನಿಧಾನವಾಗಿ ಹೇಳಿದಳು: "ನೀ ದೇವರ ಕೆಲಸಕ್ಕ ಹೋಗಿದ್ದಿ. ಹ್ಯಾಂಗ ಕರೀಲಿ?"

ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ನಿಂತುಬಿಟ್ಟಿತು.

ಅವ್ವನ ತವರು ಗುಳೇದಗುಡ್ಡ. ಸ್ವಿಟ್ಜರ್ಲೆಂಡ್‌ನ ಕ್ರೈಸ್ತ ಮಿಷನರಿಗಳಾದ ಬಾಸೆಲ್ ಮಿಷನ್‌ನವರು ಅಲ್ಲಿಗೆ ಬಂದದ್ದು 1851ರಲ್ಲಿ, ನಮ್ಮ ವಿಜಾಪುರಕ್ಕೆ 1885ರಲ್ಲಿ. ಅವ್ವನ ಅಜ್ಜಿಯ ಕಾಲದಿಂದ ನಮ್ಮ ಮನೆಯಲ್ಲಿ ಒಂದೇ ಮಾತು: ಸಭೆಯ, ಅಂದರೆ ಚರ್ಚಿನ, ಕೆಲಸಕ್ಕೆ ಇಲ್ಲ ಅನ್ನಬಾರದು. ನಾನೂ ಅನ್ನಲಿಲ್ಲ. 19 ವರ್ಷ ಸಂಡೇ ಸ್ಕೂಲ್ ನಡೆಸಿದೆ. ಕ್ವಯರ್, ಮಹಿಳಾ ಸಂಘದ ಲೆಕ್ಕ, ಬುಧವಾರದ ಪ್ರಾರ್ಥನಾ ಕೂಟ, ಜೊತೆಗೆ ಶಾಲೆಯ ನೌಕರಿ. ಅವ್ವ ಹಾಸಿಗೆ ಹಿಡಿದ ಮೇಲೂ ಒಂದನ್ನೂ ಬಿಡಲಿಲ್ಲ. ಹಳೆಯದರ ಮೇಲೆ ಹೊಸದನ್ನು ಪೇರಿಸಿಕೊಂಡೆ, ಅಷ್ಟೆ.

ಬೂದಿ ಬುಧವಾರಕ್ಕೆ ಮೂರು ದಿನ ಇತ್ತು. ಅಲ್ಲಿಂದ ಈಸ್ಟರ್ ತನಕ, ಭಾನುವಾರಗಳನ್ನು ಬಿಟ್ಟರೆ, 40 ದಿನ ನಮಗೆ ಉಪವಾಸದ ಕಾಲ. ಪ್ರತಿ ವರ್ಷ ಮಾಂಸ ಬಿಡುತ್ತಿದ್ದೆ. ಈ ಸಲ ಅದರ ಬದಲು ನನ್ನ ದಿನಗಳನ್ನೇ ದೇವರ ಮುಂದೆ ಇಟ್ಟು ನೋಡೋಣ ಅನ್ನಿಸಿತು.

ಮೊದಲ ವಾರ ಏನನ್ನೂ ಬದಲಿಸಲಿಲ್ಲ. ನೂರು ಪುಟದ ಒಂದು ನೋಟ್‌ಬುಕ್ ತಂದು, ಬೆಳಿಗ್ಗೆ ಐದರಿಂದ ರಾತ್ರಿ ಮಲಗೋ ತನಕ ಏನು ಮಾಡಿದೆ ಅಂತ ಸುಮ್ನೆ ಬರೆದೆ. ವಾರದ ಕೊನೆಗೆ ಓದಿದೆ. ಅವ್ವನ ಊಟದ ಮುಂದೆ ಎಲ್ಲ ದಿನವೂ "ಹತ್ತು ನಿಮಿಷ" ಅಂತಿತ್ತು. ಅವಳಿಗೆ ಈಗ ರೊಟ್ಟಿ ಆಗೋದಿಲ್ಲ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ, ಚಮಚದ ತುದಿಯಲ್ಲಿ ಇಷ್ಟಿಷ್ಟೇ ಕೊಡಬೇಕು. ನುಂಗಿದ್ದು ಗಂಟಲಲ್ಲಿ ಇಳಿಯೋದನ್ನು ನೋಡಿ ಮುಂದಿನದು. ಆತುರ ಮಾಡಿದರೆ ಕೆಮ್ಮು ಬರುತ್ತದೆ. ಅದಕ್ಕೆ ಮುಕ್ಕಾಲು ಗಂಟೆ ಬೇಕು. ನಾನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ ಅಂದರೆ ಅವಳು ಅರೆಹೊಟ್ಟೆಯಲ್ಲಿ ಇರುತ್ತಿದ್ದಳು. ಆ ಪುಟದ ಮೇಲೆ ತಲೆಯಿಟ್ಟು ಅತ್ತೆ.

ಎರಡನೇ ವಾರ ಬೈಬಲ್‌ನ ಪ್ರಸಂಗಿ ಪುಸ್ತಕದ 3ನೇ ಅಧ್ಯಾಯ ಹಿಡಿದೆ. ಒಂದೊಂದಕ್ಕೂ ಒಂದೊಂದು ಸಮಯ ಇದೆ ಅನ್ನೋ ಅಧ್ಯಾಯ ಅದು. ಹುಟ್ಟೋದು ಸಾಯೋದು, ನೆಡೋದು ಕೀಳೋದು ಹೀಗೆ ಅಲ್ಲಿ 14 ಜೋಡಿ ಇವೆ. ಒಂದೊಂದರ ಮುಂದೆ ನಾನು ಯಾವ ಬದಿಯಲ್ಲಿದ್ದೇನೆ ಅಂತ ಬರೆದೆ. ಬಹಳ ಕಡೆ ಎರಡೂ ಬದಿಗೆ ಗುರುತು ಬಿತ್ತು. ಸಮಯ ಬದಲಾಗಿತ್ತು, ನಾನು ಮಾತ್ರ ಹಳೆಯ ಸಮಯವನ್ನೇ ಹಿಡಿದುಕೊಂಡಿದ್ದೆ.

ನಮ್ಮ ಸಭಾಪಾಲಕರಿಗೆ ನೋಟ್‌ಬುಕ್ ತೋರಿಸಿದೆ. ಅವರು ವಿಮೋಚನಕಾಂಡ 18 ಓದಲು ಹೇಳಿದರು. ಮೋಶೆ ಬೆಳಿಗ್ಗೆಯಿಂದ ಸಂಜೆ ತನಕ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಾನೆ. ಅವನ ಮಾವ ಇತ್ರೋ ಅದನ್ನು ನೋಡಿ, ನೀನು ಮಾಡೋದು ಒಳ್ಳೆಯದಲ್ಲ, ನೀನೂ ಬಳಲುತ್ತೀ ಜನರೂ ಬಳಲುತ್ತಾರೆ ಅನ್ನುತ್ತಾನೆ. ಮೋಶೆ ಕಠಿಣವಾದ ವ್ಯಾಜ್ಯಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬೇರೆಯವರಿಗೆ ಕೊಡುತ್ತಾನೆ. ಹಾಗಾಗಿ ನನ್ನ ಪ್ರಶ್ನೆ ಇಷ್ಟೇ ಆಯಿತು: ಇದರಲ್ಲಿ ನಾನೇ ಮಾಡಬೇಕಾದದ್ದು ಯಾವುದು? ಲೆಕ್ಕ ಯಾರಾದರೂ ಬರೆಯಬಹುದು. ಅವ್ವನಿಗೆ ಮಗಳು ನಾನೊಬ್ಬಳೇ.

ಲೆಕ್ಕ, ಕ್ವಯರ್ ಬಿಡೋದು ಕಷ್ಟ ಆಗಲಿಲ್ಲ. ಸಂಡೇ ಸ್ಕೂಲ್ ಬಿಡೋದು ಮಾತ್ರ ಕರುಳು ಕಿತ್ತ ಹಾಗೆ ಆಯಿತು. ಸೋತು ಬಿಡುತ್ತಿದ್ದೇನೆ ಅನ್ನಿಸುತ್ತಿತ್ತು. ನನ್ನ ಕೈಯಲ್ಲೇ ಕಲಿತ ಹುಡುಗಿಗೆ ಅಲ್ಮೇರಾದ ಬೀಗದ ಕೈ ಕೊಟ್ಟ ದಿನ ರಾತ್ರಿ ನಿದ್ದೆ ಬರಲಿಲ್ಲ.

ಈಸ್ಟರ್ ಆದ ಮೇಲೆ ಸಹೋದ್ಯೋಗಿಯೊಬ್ಬರ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ, ಟಿಕೋಟಾ ಕಡೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರೋ ಕೆಲಸ, ನಡೆದಿತ್ತು. ಫೆಬ್ರುವರಿ, ಮಾರ್ಚ್‌ನಲ್ಲಿ ಗೊನೆ ಹೊತ್ತಿದ್ದ ಕಡ್ಡಿಗಳನ್ನೆಲ್ಲ ಬುಡದಲ್ಲಿ ಒಂದೇ ಕಣ್ಣು, ಅಂದರೆ ಚಿಗುರೊಡೆಯೋ ಮೊಗ್ಗು, ಬಿಟ್ಟು ಕತ್ತರಿಸುತ್ತಿದ್ದರು. ಸಾಲಿಗೆ ಸಾಲು ಬೋಳು. ಕಡಿದ ತುದಿಯಲ್ಲಿ ನೀರಿನ ಹನಿ ನಿಂತಿತ್ತು. "ಇಷ್ಟು ಚಲೋ ಬಳ್ಳಿ, ಯಾಕ ಹಿಂಗ ಕಡೀತೀರಿ?" ಅಂದೆ. ಕತ್ತರಿ ಹಿಡಿದ ಹಿರಿಯರು ತಲೆ ಎತ್ತದೆ ಅಂದರು: "ಕಾಯಿ ಕೊಟ್ಟದ ಅಂತನಽ ಕಡೀತೀವ್ರಿ ಅಕ್ಕಾರ."

ಯೋಹಾನ 15ರಲ್ಲಿ ಯೇಸು ಹೇಳಿದ್ದೂ ಇದನ್ನೇ ಅಲ್ವಾ? ತಂದೆಯು ತೋಟಗಾರ, ಫಲ ಕೊಡೋ ಕೊಂಬೆಯನ್ನೇ ಸವರುತ್ತಾನೆ. ಎಷ್ಟು ಸಲ ಓದಿದ್ದೆ! ಕತ್ತರಿ ಬೀಳೋದು ಒಣಗಿದ್ದಕ್ಕೆ ಮಾತ್ರ ಅಂದುಕೊಂಡಿದ್ದೆ. ಈ ಚಾಟ್ನಿಗೆ ಹಣ್ಣು ಬರೋದಿಲ್ಲ, ಬರೀ ಕಡ್ಡಿ ಬೆಳೆಯುತ್ತದೆ ಅಂತ ಅವರು ವಿವರಿಸಿದರು. ಮುಂದಿನ ಎರಡು ತಿಂಗಳಲ್ಲಿ ಆ ಹೊಸ ಕಡ್ಡಿಯ ಕಣ್ಣೊಳಗೆ ಗೊನೆ ಕಟ್ಟುತ್ತದೋ ಇಲ್ಲವೋ ಅನ್ನೋದು ತೀರ್ಮಾನ ಆಗುತ್ತದೆ. ಹೊರಗಿನಿಂದ ಏನೂ ಕಾಣಿಸೋದಿಲ್ಲ. ಅಕ್ಟೋಬರ್‌ನಲ್ಲಿ ಇನ್ನೊಂದು ಚಾಟ್ನಿ ಆದ ಮೇಲೇ ಗೊನೆ ಹೊರಗೆ ಬರೋದು.

ಆವತ್ತಿನಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ನೋಟ್‌ಬುಕ್ ತೆಗೆಯುತ್ತೇನೆ. ಒಂದು ವಾರ ಬರೆಯುತ್ತೇನೆ, ಪ್ರಾರ್ಥನೆ ಮಾಡುತ್ತೇನೆ, ಗಂಡನ ಜೊತೆ ಕೂತು ಓದುತ್ತೇನೆ. ಭಾನುವಾರ ಆರಾಧನೆ ಮುಗಿದ ಕೂಡಲೇ ಮನೆಗೆ ಬರುತ್ತೇನೆ. ಅವ್ವನ ಊಟಕ್ಕೆ ಮುಕ್ಕಾಲು ಗಂಟೆ ಇಟ್ಟಿದ್ದೇನೆ, ಆ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿ ಇರುತ್ತದೆ.

ಮೊನ್ನೆ ಅಕ್ಟೋಬರ್‌ನಲ್ಲಿ ಒಂದನ್ನು ಮಾತ್ರ ಬದಲಿಸಿದೆ. ಬುಧವಾರದ ಪ್ರಾರ್ಥನಾ ಕೂಟವನ್ನು ನಮ್ಮ ಮನೆಗೆ ತಂದೆ. ಏಳೆಂಟು ಜನ ಹೆಣ್ಣುಮಕ್ಕಳು ಬರುತ್ತಾರೆ. ಅವ್ವನ ಮಂಚದ ಸುತ್ತ ಚಾಪೆ ಹಾಸುತ್ತೇವೆ. ಮೊದಲ ಹಾಡು ಯಾವುದು ಅಂತ ಅವಳನ್ನೇ ಕೇಳುತ್ತೇವೆ.