ಎಐ ಬರೆದ ಪ್ಲಾನ್ ಹಿಡಿದು ಮಂಡಕ್ಕಿ ಭಟ್ಟಿಗೆ

ದಾವಣಗೆರೆಯ ನಮ್ಮ ಕ್ಲಿನಿಕ್‌ಗೆ ಆಕ್ಯುಪೇಶನಲ್ ಥೆರಪಿ (ಊಟ, ಸ್ನಾನದಂಥ ದಿನನಿತ್ಯದ ಕೆಲಸ ರೋಗಿ ತಾನೇ ಮಾಡಿಕೊಳ್ಳುವಂತೆ ಮಾಡುವ ಚಿಕಿತ್ಸೆ) ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಬರುತ್ತಾರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅವರಲ್ಲಿ ಎರಡು ಗುಂಪಾಯಿತು. ಕೆಲವರು ಏನು ಕೇಳಿದರೂ ಫೋನ್ ತೆಗೆಯುತ್ತಾರೆ. ಇನ್ನು ಕೆಲವರು "ಮುಂದೆ ನಮಗೆ ಕೆಲಸ ಇರುತ್ತಾ ಮೇಡಂ?" ಅಂತ ಹೆದರುತ್ತಾರೆ. ಬಳಸಬೇಡಿ ಅಂದರೆ ಕದ್ದು ಬಳಸುತ್ತಾರೆ, ಅಷ್ಟೇ. ಅದಕ್ಕೆ ಎಐ ಕೊಟ್ಟ ಚಿಕಿತ್ಸೆಯ ಪ್ಲಾನನ್ನು ರೋಗಿಯ ಮನೆಗೇ ಒಯ್ಯಲು ಹೇಳಿದೆ.

ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರಿಗೆ ಲಕ್ವ ಹೊಡೆದಿತ್ತು. ಬಲಗೈ ಅರ್ಧಂಬರ್ಧ ಆಡುತ್ತಿತ್ತು. ಒಬ್ಬ ವಿದ್ಯಾರ್ಥಿನಿ ಎರಡು ಸಾಲು ಟೈಪ್ ಮಾಡಿ ಪ್ಲಾನ್ ತಂದಳು. ಸ್ನಾನದ ಟಬ್‌ಗೆ ಹಿಡಿಕೆ, ಅಂಗಿ ಗುಂಡಿಗೆ ಕೊಕ್ಕೆ, ದಪ್ಪ ಹಿಡಿಯ ಫೋರ್ಕ್, ಸದ್ಯಕ್ಕೆ ಎಡಗೈಲಿ ಊಟ. ಅವರ ಮನೆಯಲ್ಲಿ ಇದ್ದದ್ದು ಬಚ್ಚಲ ಕಲ್ಲು, ಚೊಂಬು, ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಊಟದ ಮಾತು ಬಂದಾಗ "ಎಡಗೈಲಿ ಉಣ್ಣೋದಾ? ಬ್ಯಾಡ ಬಿಡಮ್ಮ" ಅಂದುಬಿಟ್ಟರು. ಅವರಿಗೆ ಬೇಕಿದ್ದದ್ದು ಬಲಗೈಲಿ ರೊಟ್ಟಿ ಮುರಿಯುವುದು.

ಅಲ್ಲೇ ಕಟ್ಟೆ ಮೇಲೆ ಕೂತು ಅವಳಿಂದ ಎಐಗೆ ಮತ್ತೆ ಪ್ರಶ್ನೆ ಹಾಕಿಸಿದೆ. ಈ ಸಲ ಯಾವ ಬೆರಳು ಎಷ್ಟು ಆಡುತ್ತದೆ, ಹಿಡಿತ ಹೇಗಿದೆ, ನೆಲದ ಮೇಲೆ ಕೂತು ಜೋಳದ ರೊಟ್ಟಿ ತಿನ್ನುತ್ತಾರೆ ಅಂತೆಲ್ಲ ಬರೆದಳು. ಉತ್ತರ ಎಷ್ಟೋ ಸುಧಾರಿಸಿತ್ತು. ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಕಿ, ಮೊದಲು ಮೆತ್ತಗಿನ ರೊಟ್ಟಿ ಕೊಡಿ, ಎಡಗೈಲಿ ಒತ್ತಿ ಹಿಡಿದು ಬಲಗೈಲಿ ಮುರಿಸಿ. ಸರಿ, ಆದರೆ ಆ ವಿವರ ಹುಡುಕಿದ್ದು ಅವಳೇ ಅಲ್ವಾ? ಅಸೆಸ್‌ಮೆಂಟ್, ಅಂದರೆ ರೋಗಿಯನ್ನು ಪರೀಕ್ಷಿಸಿ ಅಳೆಯುವುದು, ಬಾರದವರಿಗೆ ಇಂಥ ಪ್ರಶ್ನೆ ಹೊಳೆಯುವುದೇ ಇಲ್ಲ. ಕೈ ಎತ್ತಿದಾಗ ಅವರಿಗೆ ಭುಜ ನೋಯುತ್ತದೆ ಅನ್ನುವುದಂತೂ ಮುಖ ನೋಡಿಯೇ ಗೊತ್ತಾಗಿದ್ದು. ಬಾಯಿಬಿಟ್ಟು ಅವರು ಹೇಳಿರಲಿಲ್ಲ.

ಹೆದರುತ್ತಿದ್ದ ಹುಡುಗನಿಗೆ ಬೇರೆ ಕೆಲಸ ಕೊಟ್ಟೆ. ಮನೆಯವರಿಗೆ ಕೊಡುವ ವ್ಯಾಯಾಮದ ಚೀಟಿಯನ್ನು ಎಐನಿಂದ ಕನ್ನಡದಲ್ಲಿ ಬರೆಸು, ಆ ಹಿರಿಯರ ಸೊಸೆಗೆ ಓದಿ ಹೇಳು, ಅವರು ಮಾಡಿ ತೋರಿಸಲಿ ಅಂದೆ. ಅವರು ತಡವರಿಸಿದ ಕಡೆಯೆಲ್ಲ ತಿದ್ದಿದ. ಈಗ ಅವನೇ ಎಲ್ಲರಿಗಿಂತ ಮೊದಲು ಫೋನ್ ತೆಗೆಯುತ್ತಾನೆ. ಅದು ಬೇರೆ ತಲೆನೋವು!

ರೋಗಿಯ ಹೆಸರು, ನಂಬರ್, ಫೋಟೋ ಆ್ಯಪ್‌ಗೆ ಹಾಕುವಂತಿಲ್ಲ. ಇದರಲ್ಲಿ ರಿಯಾಯಿತಿ ಇಲ್ಲ. ಎಐ ಕೊಟ್ಟ ಸಂಶೋಧನಾ ಲೇಖನವನ್ನು ತೆರೆದು ನೋಡದೆ ಬರೆಯುವಂತಿಲ್ಲ. ಇಲ್ಲದ ಲೇಖನಗಳನ್ನೂ ಅದು ಧೈರ್ಯವಾಗಿ ಹುಟ್ಟಿಸುತ್ತದೆ. ಕೇಸ್ ಹೇಳುವಾಗ ಎಐ ಮಾತಲ್ಲಿ ಏನನ್ನು ಬಿಟ್ಟೆ, ಯಾಕೆ ಬಿಟ್ಟೆ ಅಂತಲೂ ಹೇಳಬೇಕು. ಮೊದಮೊದಲು ಗೊಣಗಿದರು. ಈಗ ನಾನು ಸಾಕು ಅನ್ನುವವರೆಗೂ ಹೇಳುತ್ತಾರೆ.