ಜೀನ್ ಅಳೆದಷ್ಟು ಸಲೀಸಲ್ಲ ಊಟ ಅಳೆಯುವುದು

ಬೊಜ್ಜಿನಲ್ಲಿ ಜೀನ್‌ಗಳ ಪಾಲೆಷ್ಟು, ಬದುಕುವ ರೀತಿಯ ಪಾಲೆಷ್ಟು ಎಂಬ ಪ್ರಶ್ನೆ ಹಿಡಿದು ಹಳೇ ಮೈಸೂರು ಸೀಮೆಯ ಹಳ್ಳಿಗಳನ್ನು ಸುತ್ತಿದವಳು ನಾನು. ಪ್ರಯೋಗಾಲಯದ ಕೆಲಸವೇ ಕಷ್ಟವೆಂದು ಹೊರಗಿನವರು ತಿಳಿಯುತ್ತಾರೆ. ಅಲ್ಲ. ಸಣ್ಣ ಟ್ಯೂಬಿನಷ್ಟು ರಕ್ತದಿಂದ ಡಿಎನ್‌ಎ ಬೇರ್ಪಡಿಸಿ ಅದರ ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರಕ್ಕಿಟ್ಟರೆ, ಎಫ್‌ಟಿಒ ಜೀನಿನ ಒಂದು ನಿರ್ದಿಷ್ಟ ಜಾಗದಲ್ಲಿ ಡಿಎನ್‌ಎ ಅಕ್ಷರಗಳ ಪೈಕಿ 'ಎ' ಇದೆಯೋ 'ಟಿ' ಇದೆಯೋ ತಿಳಿಯುತ್ತದೆ. ಹತ್ತು ವರ್ಷ ಬಿಟ್ಟು ನೋಡಿದರೂ ಉತ್ತರ ಅದೇ.

ಈ ಜೀನಿಗೂ ಬೊಜ್ಜಿಗೂ ಇರುವ ನಂಟನ್ನು ಬ್ರಿಟನ್ನಿನ ಸಂಶೋಧಕರು 2007ರಲ್ಲಿ ತೋರಿಸಿದರು. ತಂದೆ ತಾಯಿ ಇಬ್ಬರಿಂದಲೂ 'ಎ' ಬಂದವರ ತೂಕ, ಒಂದೂ ಬಾರದವರಿಗಿಂತ ಸರಾಸರಿ 3 ಕಿಲೊ ಹೆಚ್ಚು. ಅಷ್ಟೇ. 2011ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿಯನ್ನು ಒಟ್ಟುಗೂಡಿಸಿದಾಗ, ಚಟುವಟಿಕೆಯಿಂದ ಇರುವವರಲ್ಲಿ ಈ ಜೀನ್ ತರುವ ಬೊಜ್ಜಿನ ಅಪಾಯ ಕಾಲು ಭಾಗಕ್ಕಿಂತ ತುಸು ಹೆಚ್ಚೇ ತಗ್ಗಿರುವುದು ಕಂಡಿತು. ನಮ್ಮ ಜನರಲ್ಲಿಯೂ ಹೀಗೆಯೇ ಎಂದು ನೋಡಬೇಕಾದರೆ ಅವರ ದುಡಿಮೆಯನ್ನೂ ಊಟವನ್ನೂ ಅಳೆಯಬೇಕು. ತೊಡಕಿರುವುದೇ ಅಲ್ಲಿ.

"ವ್ಯಾಯಾಮ ಮಾಡುತ್ತೀರಾ?" ಎಂದು ಕೇಳಿದರೆ, ಮೇವಿನ ಹೊರೆಯನ್ನು ಆಗತಾನೇ ಇಳಿಸಿದ ಹೆಂಗಸು "ಅದಕ್ಕೆಲ್ಲ ಬಿಡುವೆಲ್ಲಿದೆಯಮ್ಮ" ಎನ್ನುತ್ತಾಳೆ. ಪ್ರಶ್ನಾವಳಿಯ ಲೆಕ್ಕದಲ್ಲಿ ಆಕೆ ಕುಳಿತೇ ಕಾಲ ಕಳೆಯುವವಳು! ಹಾಗಾಗಿ ನಾವು ಏಳುವುದರಿಂದ ಮಲಗುವವರೆಗಿನ ದಿನವನ್ನೇ ಕೇಳತೊಡಗಿದೆವು: ಕೊಟ್ಟಿಗೆ ಗುಡಿಸಿದ್ದು, ನೀರು ಹೊತ್ತದ್ದು, ಕಳೆ ಕಿತ್ತದ್ದು, ಟಿವಿ ಮುಂದೆ ಕುಳಿತದ್ದು, ಒಂದೊಂದಕ್ಕೂ ಹಿಡಿದ ಹೊತ್ತು. ಸೊಂಟಕ್ಕೆ ಕಟ್ಟುವ ಚಲನಮಾಪಕ ಇನ್ನೂ ನಿಖರ, ಆದರೆ ಸೀರೆಯ ಮೇಲೆ ಅದು ನಿಲ್ಲಬೇಕಲ್ಲ.

ಊಟದ ವಿಷಯ ಇನ್ನೂ ಗೋಜಲು. "ಎರಡು ಮುದ್ದೆ" ಎಂದರೆ ಎಷ್ಟು? ಒಂದು ಮನೆಯ ಮುದ್ದೆ ಇನ್ನೊಂದು ಮನೆಯ ಎರಡಕ್ಕೆ ಸಮ. ಬೇರೆ ಬೇರೆ ಗಾತ್ರದ ಮುದ್ದೆಗಳನ್ನು ತೂಗಿ, ಅದೇ ಗಾತ್ರದ ಮಾದರಿಗಳನ್ನು ಚೀಲದಲ್ಲಿ ಒಯ್ದು, "ಇಷ್ಟೋ, ಇಷ್ಟೋ?" ಎಂದು ಕೇಳಿದೆವು. ಎಣ್ಣೆಯನ್ನು ಚಮಚದಲ್ಲಿ ಕೇಳಿದರೆ ಪ್ರಯೋಜನವಿಲ್ಲ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ತರುತ್ತೀರಿ, ಉಣ್ಣುವವರೆಷ್ಟು ಎಂದು ಕೇಳಬೇಕು. ಅವರೆಕಾಯಿ ಕಾಲದ ಸಾರು ಬೇಸಿಗೆಯದಲ್ಲ, ಆದ್ದರಿಂದ ಒಂದೇ ಋತುವಿನ ಮಾಹಿತಿ ಸಾಲದು. ಅತ್ತೆ ಪಕ್ಕದಲ್ಲಿದ್ದರೆ ಸೊಸೆಯ ಊಟ ಅರ್ಧಕ್ಕಿಳಿಯುತ್ತದೆ. ಅಂಥ ಮನೆಗಳಲ್ಲಿ ನಾನು ಹಿತ್ತಲಿಗೆ ಹೋಗಿಯೇ ಮಾತನಾಡಿಸುತ್ತಿದ್ದೆ.

ಇದು ಬರೀ ತಾಳ್ಮೆಯ ಪ್ರಶ್ನೆಯಲ್ಲ. ದಪ್ಪಗಿರುವವರು ತಿಂದದ್ದನ್ನು ಕಡಿಮೆ ಹೇಳುವುದು ಹಲವು ದೇಶಗಳಲ್ಲಿ ಕಂಡುಬಂದಿದೆ. ಆಗ ಜೀನ್ ಮತ್ತು ಆಹಾರ ಸೇರಿ ಏನೋ ಮಾಡುತ್ತಿವೆ ಎಂದು ಕಂಪ್ಯೂಟರ್ ತೋರಿಸುವ ಸಂಖ್ಯೆ ಬರೀ ಸಂಕೋಚದ ಫಲವಾಗಿರಬಹುದು. ಇಂಥ ಪ್ರಬಂಧಗಳನ್ನು ಓದುವಾಗ ನಾನು ಮೊದಲು ನೋಡುವುದು ಆಹಾರವನ್ನು ಹೇಗೆ ಅಳೆದರು ಎಂಬುದನ್ನು; ಜೀನಿನ ಕೋಷ್ಟಕ ಆಮೇಲೆ.

"ನನಗೆ ಆ ಜೀನ್ ಇದೆಯೇ?" ಎಂದು ಎಲ್ಲರೂ ಕೇಳುತ್ತಾರೆ. ಆ ಉತ್ತರವನ್ನು ನಾವು ಕೊಡುವುದಿಲ್ಲ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ 3 ಕಿಲೊ ಒಬ್ಬರ ಬಗ್ಗೆ ಹೇಳುವುದು ತೀರಾ ಕಡಿಮೆ. ಸಕ್ಕರೆ, ರಕ್ತದೊತ್ತಡ, ಸೊಂಟದ ಅಳತೆಗಳನ್ನು ಚೀಟಿಯಲ್ಲಿ ಬರೆದುಕೊಡುತ್ತೇವೆ. ಸೊಂಟ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದ್ದರೆ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಲು ಹೇಳುತ್ತೇವೆ.