ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದಾ? ಬ್ಯಾಟರಿ ಬದಲಿಸುವ ಮುಂಚೆ ಇದನ್ನು ನೋಡಿ

ಕಾರು ಸ್ಟಾರ್ಟ್ ಆಗದಿದ್ದರೆ ಸುಮ್ನೆ ಮತ್ತೆ ಮತ್ತೆ ಕೀ ತಿರುಗಿಸಬೇಡಿ. ಉಳಿದ ಚಾರ್ಜೂ ಹೋಗುತ್ತದೆ. ಮೊದಲು ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಲೈಟ್ ತೀರಾ ಮಂಕಾಗಿ ಟಕ್ ಟಕ್ ಸದ್ದು ಬಂದರೆ ಬ್ಯಾಟರಿ ಇಳಿದಿರಬಹುದು, ಇಲ್ಲವೇ ಬ್ಯಾಟರಿಗೆ ವೈರ್ ಸೇರುವ ಟರ್ಮಿನಲ್ ಸಡಿಲವಾಗಿರಬಹುದು. ಲೈಟ್ ಚೆನ್ನಾಗಿಯೇ ಉರಿದು ಒಂದೇ ಸಲ 'ಟಕ್' ಅಂದರೆ ಅನುಮಾನ ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸ್ಟಾರ್ಟರ್ ಮೋಟಾರಿನ ಮೇಲೆ.

ನನಗೆ ಹೀಗಾದಾಗ ಹೊಸ ಬ್ಯಾಟರಿಯೇ ಬೇಕು ಅಂದುಕೊಂಡಿದ್ದೆ. ಕೈಯಿಂದ ಅಲುಗಾಡಿಸಿದರೆ ಬ್ಯಾಟರಿಯ ನೆಗೆಟಿವ್ ವೈರಿನ ಕ್ಲ್ಯಾಂಪ್ ತಿರುಗುತ್ತಿತ್ತು! ಒಳಗೆಲ್ಲ ಉಪ್ಪಿನಂಥ ಬಿಳಿ ಪುಡಿ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ಅದೇ ಕೊನೆಗೆ. ಇದನ್ನು ದಯವಿಟ್ಟು ಮರೆಯಬೇಡಿ, ಇಲ್ಲದಿದ್ದರೆ ಸ್ಪ್ಯಾನರ್ ಕಾರಿನ ಲೋಹದ ಭಾಗಕ್ಕೆ ತಗುಲಿದಾಗ ಕಿಡಿ ಹಾರುತ್ತದೆ. ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಹಳೆ ಬ್ರಷ್ ಅದ್ದಿ ಉಜ್ಜಿ, ಒಣಗಿಸಿ, ಗಟ್ಟಿಯಾಗಿ ಬಿಗಿದೆ. ಮೊದಲ ಸಲಕ್ಕೇ ಸ್ಟಾರ್ಟ್ ಆಯ್ತು.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯಲ್ಲಿ 12.6 ವೋಲ್ಟ್ ಆಸುಪಾಸು ಇರಬೇಕು. 12ಕ್ಕಿಂತ ಕಡಿಮೆ ಇದ್ದರೆ ಚಾರ್ಜ್ ಖಾಲಿ ಅಂತಲೇ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5 ತೋರಿಸಬೇಕು. ಅಷ್ಟು ಬರದಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಸಾಧನ) ಅಥವಾ ಅದನ್ನು ತಿರುಗಿಸುವ ಬೆಲ್ಟ್ ನೋಡಿಸಿ. ಅದನ್ನು ಬಿಟ್ಟು ಬ್ಯಾಟರಿ ಬದಲಿಸಿದರೆ ಹೊಸದೂ ಇಳಿದುಹೋಗುತ್ತದೆ, ಅಲ್ವಾ?

ಏನೂ ಸದ್ದೇ ಇಲ್ಲದಿದ್ದರೆ ಫ್ಯೂಸ್, ಸ್ಟಾರ್ಟರ್ ರಿಲೇ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್) ನೋಡಿ. ಆಟೋಮ್ಯಾಟಿಕ್ ಗಾಡಿಯಾದರೆ ಗೇರನ್ನು ನ್ಯೂಟ್ರಲ್‌ಗೆ ಹಾಕಿಯೂ ಒಮ್ಮೆ ಪ್ರಯತ್ನಿಸಿ.